ಸೋಲಾರ್ ಪಂಪ್ ನಿಂತಿದೆಯಾ? ಡ್ರೈವ್ ಬದಲಿಸೋ ಮೊದಲು ಅದು ಏನು ಹೇಳ್ತಿದೆ ನೋಡಿ



ಶಿರಾ, ಹಿರಿಯೂರು, ಪಾವಗಡ ಕಡೆ ಸೋಲಾರ್ ಪಂಪ್ ರಿಪೇರಿ ಮಾಡೋನು ನಾನು. ಬೇಸಿಗೆ ಶುರುವಾಯ್ತು ಅಂದ್ರೆ ನನ್ನ ಫೋನಿಗೆ ಬಿಡುವಿರಲ್ಲ. ಬರೋ ಕರೆಗಳಲ್ಲಿ ಹೆಚ್ಚಿನವು ಒಂದೇ ಥರ: "ಅಣ್ಣಾ, ಇನ್ವರ್ಟರ್ ಸತ್ತೋಯ್ತು, ಬೇಗ ಬನ್ನಿ." ಗಾಡಿ ಹತ್ತಿ ಹೋಗಿ ನೋಡಿದ್ರೆ ಬಹಳ ಸಲ ಇನ್ವರ್ಟರ್ ಸತ್ತಿರಲ್ಲ. ಏನೋ ತೊಂದರೆ ಕಂಡು ಅದೇ ಮೋಟರನ್ನು ನಿಲ್ಲಿಸಿರುತ್ತೆ. ಯಾಕೆ ನಿಲ್ಲಿಸಿದೆ ಅಂತ ಸ್ಕ್ರೀನ್ ಮೇಲೆ ತೋರಿಸ್ತಾನೂ ಇರುತ್ತೆ. ಓದೋರು ಇರಲ್ಲ, ಅಷ್ಟೇ.

ಕೆಟ್ಟಿರೋದು ಬೇರೆ, ನಿಲ್ಲಿಸಿರೋದು ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟು ನಷ್ಟ ಆಗುತ್ತೆ ಅನ್ನೋದಕ್ಕೆ ಒಂದು ಉದಾಹರಣೆ ಹೇಳ್ತೀನಿ. ಹಿರಿಯೂರು ಹತ್ತಿರದ ಒಂದು ದಾಳಿಂಬೆ ತೋಟ. ಏಪ್ರಿಲ್ ತಿಂಗಳು. ಡ್ರೈವ್ ದಿನಾ ಮಧ್ಯಾಹ್ನ "ಡ್ರೈ ರನ್" ಅಂತ ತೋರಿಸಿ ನಿಲ್ತಿತ್ತು, ಅಂದ್ರೆ ಬೋರಲ್ಲಿ ನೀರು ಸಾಲ್ತಿಲ್ಲ ಅಂತ. ಯಾರೋ ಒಬ್ಬರು ವಿಡಿಯೋ ನೋಡಿ ಕಲಿತದ್ದನ್ನು ತಂದು ಆ ಸೆಟ್ಟಿಂಗನ್ನೇ ಆಫ್ ಮಾಡಿಕೊಟ್ರು. ಮೂರು ದಿನ ಮೋಟರ್ ನಿಲ್ಲದೆ ಓಡ್ತು. ನಾಲ್ಕನೇ ದಿನ ವೈಂಡಿಂಗ್ ಸುಟ್ಟಿತು. ಮೋಟರ್ ಎತ್ತಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸೋ ಹೊತ್ತಿಗೆ ಒಂದು ವಾರದ ಮೇಲಾಯ್ತು. ಅಷ್ಟು ದಿನ ಒಣಗಿದ ಗಿಡಕ್ಕೆ ಒಮ್ಮೆಲೇ ನೀರು ಬಿಟ್ಟಿದ್ದರಿಂದ ಕಾಯಿ ಸೀಳು ಬಿಡ್ತು. ಆ ಡ್ರೈವ್ ಆವತ್ತೂ ಚೆನ್ನಾಗಿತ್ತು, ಇವತ್ತೂ ಚೆನ್ನಾಗಿದೆ.

ಹಾಗಾಗಿ ಈ ವಾರ, ಮೆಕ್ಯಾನಿಕ್‌ಗೆ ಫೋನ್ ಮಾಡೋ ಮೊದಲು ನೀವೇ ನೋಡಿ ತಿಳ್ಕೋಬಹುದಾದ ಸಂಗತಿಗಳನ್ನು ಹೇಳ್ತೀನಿ.

ಈ ಡಬ್ಬಿ ಮಾಡೋ ಕೆಲಸ ಏನು?

ಕೆಲವರು ಇದನ್ನು ಇನ್ವರ್ಟರ್ ಅಂತಾರೆ, ಕೆಲವರು ಕಂಟ್ರೋಲರ್, ಡ್ರೈವ್, ಸೋಲಾರ್ ಸ್ಟಾರ್ಟರ್ ಅಂತಾರೆ. ಕೆಲಸ ಒಂದೇ. ಪ್ಯಾನೆಲ್‌ನಿಂದ ಬರೋದು ಡಿಸಿ ಕರೆಂಟ್. ನಮ್ಮ ಬೋರಿನ ತ್ರೀ ಫೇಸ್ ಮೋಟರಿಗೆ ಬೇಕಾಗಿರೋದು ಎಸಿ. ಡ್ರೈವ್ ಡಿಸಿಯನ್ನು ಎಸಿ ಮಾಡುತ್ತೆ. ಜೊತೆಗೆ ಬಿಸಿಲು ಎಷ್ಟಿದೆಯೋ ಅಷ್ಟಕ್ಕೆ ತಕ್ಕಂತೆ ಮೋಟರಿನ ವೇಗವನ್ನು ಏರಿಸಿ ಇಳಿಸುತ್ತೆ.

ಆ ವೇಗ ಸ್ಕ್ರೀನ್ ಮೇಲೆ ಹರ್ಟ್ಸ್ ಲೆಕ್ಕದಲ್ಲಿ ಕಾಣುತ್ತೆ. ಪೂರ್ತಿ ಬಿಸಿಲಿಗೆ 50 ಹರ್ಟ್ಸ್, ಬೆಳಿಗ್ಗೆ ಸಂಜೆ 25, 30, 35 ಹೀಗೆ. ಇದರ ಜೊತೆ ಡಿಸಿ ವೋಲ್ಟ್ ಮತ್ತು ಆಂಪ್ಸ್ ಕೂಡ ತೋರಿಸುತ್ತೆ. ಈ ಮೂರು ಅಂಕಿ ಓದೋಕೆ ಬಂದ್ರೆ ಅರ್ಧ ರಿಪೇರಿ ಮುಗಿದ ಹಾಗೆ.

ಡಿಸಿ ಮೋಟರ್ ಇರುವವರಿಗೆ ವೋಲ್ಟ್ ಲೆಕ್ಕ ಬೇರೆ ಇರುತ್ತೆ. ಆದ್ರೆ ಮುಂದೆ ಹೇಳೋ ತರ್ಕದಲ್ಲಿ ಬಹುಪಾಲು ಅವರಿಗೂ ಹೊಂದುತ್ತೆ.

ಮೊದಲು ಜೀವ, ಆಮೇಲೆ ಪಂಪು

ಇದನ್ನು ದಯವಿಟ್ಟು ಬಿಟ್ಟು ಮುಂದಕ್ಕೆ ಹೋಗಬೇಡಿ.

5 ಎಚ್‌ಪಿ ಪಂಪಿಗೆ 335 ವ್ಯಾಟಿನ 15 ಪ್ಯಾನೆಲ್ ಸಾಲಾಗಿ ಜೋಡಿಸಿದ್ದಾರೆ ಅಂದ್ಕೊಳ್ಳಿ. ಲೋಡ್ ಇಲ್ಲದಾಗ ಒಂದೊಂದು ಪ್ಯಾನೆಲ್ ಸುಮಾರು 46 ವೋಲ್ಟ್ ಕೊಡುತ್ತೆ. ಹದಿನೈದೂ ಸೇರಿದ್ರೆ 690 ವೋಲ್ಟ್. ಮನೆ ಕರೆಂಟಿನ ಮೂರು ಪಟ್ಟು.

ಅದೂ ಡಿಸಿ. ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬಂದು ಹೋಗುತ್ತೆ, ಹಾಗಾಗಿ ಕಿಡಿ ಹಾರಿದ್ರೂ ಆರೋಕೆ ಅವಕಾಶ ಇರುತ್ತೆ. ಡಿಸಿಗೆ ಆ ಬಿಡುವಿಲ್ಲ. ಓಡ್ತಿರೋ ಪಂಪಿನ ಪ್ಯಾನೆಲ್ ವೈರ್ ಕಿತ್ತರೆ ಕಿಡಿ ಆರದೆ ವೆಲ್ಡಿಂಗ್ ಥರ ಉರಿಯುತ್ತೆ. ಕೈ ಸುಡುತ್ತೆ, ಕನೆಕ್ಟರ್ ಕರಗುತ್ತೆ, ಬೆಂಕಿ ಹತ್ತಬಹುದು.

ಅದಕ್ಕೇ ಈ ನಿಯಮಗಳು:

- ಮೊದಲು ಸ್ಟಾಪ್ ಬಟನ್ ಒತ್ತಿ. ಹರ್ಟ್ಸ್ ಸೊನ್ನೆಗೆ ಬಂದ ಮೇಲೆ ಡಿಸಿ ಸ್ವಿಚ್ ಆಫ್ ಮಾಡಿ. ಸ್ಟಾಪ್ ಮಾಡದೆ ನೇರವಾಗಿ ವೈರಿಗೆ ಕೈ ಹಾಕಬೇಡಿ.
- ಆಫ್ ಮಾಡಿದ ಮೇಲೂ ಡ್ರೈವ್ ಒಳಗಿನ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತೆ. ಕನಿಷ್ಠ 10 ನಿಮಿಷ ಕಾಯಿರಿ. ಡಬ್ಬಿ ಮೇಲೆ ಇನ್ನೂ ಹೆಚ್ಚು ಹೊತ್ತು ಬರೆದಿದ್ರೆ ಅಷ್ಟು ಹೊತ್ತು.
- ಬಿಸಿಲು ಇರೋವರೆಗೂ ಪ್ಯಾನೆಲ್ ಕಡೆಯ ವೈರಲ್ಲಿ ಕರೆಂಟ್ ಇದ್ದೇ ಇರುತ್ತೆ. ಸ್ವಿಚ್ ಆಫ್ ಮಾಡಿದ್ರೂ ಸ್ವಿಚ್ಚಿನವರೆಗೆ ಇರುತ್ತೆ. ಪ್ಯಾನೆಲ್ಲನ್ನು ಆಫ್ ಮಾಡೋಕೆ ಆಗಲ್ಲ.
- ಸಂತೆಯಲ್ಲಿ ಸಿಗೋ ಅಗ್ಗದ ಮಲ್ಟಿಮೀಟರ್ ಹಿಡ್ಕೊಂಡು 700 ವೋಲ್ಟ್ ಅಳೆಯೋಕೆ ಹೋಗಬೇಡಿ. ಸ್ಕ್ರೀನ್ ಮೇಲೆ ಕಾಣೋ ಅಂಕಿಯೇ ನಮ್ಮ ಕೆಲಸಕ್ಕೆ ಸಾಕು.
- ಡಬ್ಬಿಯ ಮುಚ್ಚಳ ತೆಗೆಯೋದು, ಕನೆಕ್ಟರ್ ಬಿಚ್ಚೋದು ತಿಳಿದವರ ಕೆಲಸ. ನಿಮ್ಮ ಕೆಲಸ ನೋಡೋದು, ಓದೋದು, ಬರ್ಕೊಳ್ಳೋದು.

ತೊಂದರೆ 1: ಸ್ಕ್ರೀನೇ ಬರ್ತಿಲ್ಲ

ಬಿಸಿಲು ಚೆನ್ನಾಗಿದೆ, ಸ್ಕ್ರೀನ್ ಕತ್ತಲೆ. ಆಗ್ಲೂ ಡ್ರೈವ್ ಸುಟ್ಟಿದೆ ಅಂತ ತೀರ್ಮಾನಕ್ಕೆ ಬರಬೇಡಿ. ಅದಕ್ಕೆ ಕರೆಂಟೇ ತಲುಪ್ತಿಲ್ಲದೆ ಇರಬಹುದು.

ಡಿಸಿ ಸ್ವಿಚ್ ಅಥವಾ ಎಂಸಿಬಿ ಕೆಳಗೆ ಬಿದ್ದಿದೆಯಾ ನೋಡಿ. ಪಕ್ಕದ ಡಬ್ಬಿಯಲ್ಲಿ ಸಿಡಿಲಿನ ಹೊಡೆತ ತಡೆಯೋ ಸಣ್ಣ ಬಿಡಿಭಾಗ ಇರುತ್ತೆ, ಅದನ್ನು ಎಸ್‌ಪಿಡಿ ಅಂತಾರೆ. ಹೆಚ್ಚಿನವುಗಳಲ್ಲಿ ಒಂದು ಪುಟ್ಟ ಕಿಟಕಿ ಇರುತ್ತೆ. ಹಸಿರು ಇದ್ರೆ ಸರಿ, ಕೆಂಪಾಗಿದ್ರೆ ಅದು ಹೊಡೆತ ತಿಂದಿದೆ, ಬದಲಿಸಬೇಕು.

ಆಮೇಲೆ ಪ್ಯಾನೆಲ್ ಕೆಳಗೆ ಬಗ್ಗಿ, ಮುಟ್ಟದೆ ನೋಡಿ. ಕನೆಕ್ಟರ್ ಬಿಟ್ಕೊಂಡಿದೆಯಾ? ಇಲಿ, ಅಳಿಲು ವೈರ್ ಕಡಿದಿದೆಯಾ? ಪ್ಯಾನೆಲ್‌ಗಳು ಸಾಲಾಗಿ ಜೋಡಿಸಿರೋದ್ರಿಂದ ಹದಿನೈದರಲ್ಲಿ ಒಂದೇ ಕಡೆ ಸಂಪರ್ಕ ತಪ್ಪಿದ್ರೂ ಇಡೀ ಸಾಲು ಸೊನ್ನೆ. ಸಾವಿರಾರು ರೂಪಾಯಿಯ ಡ್ರೈವ್ ಬದಲಿಸೋಕೆ ಹೊರಟವರ ತೋಟದಲ್ಲಿ ಇಲಿ ಕಡಿದ ಒಂದು ವೈರನ್ನು ಸರಿ ಮಾಡಿ ಬಂದಿದ್ದೀನಿ.

ತೊಂದರೆ 2: ಮೋಟರ್ ಓಡ್ತಿದೆ, ನೀರು ಬರ್ತಿಲ್ಲ

ಬೆಳಿಗ್ಗೆ 7 ಗಂಟೆಗೆ ಬರೋ ಫೋನ್ ಇದು. ಸ್ಕ್ರೀನ್ ಮೇಲೆ 30 ಹರ್ಟ್ಸ್ ಅಂತಿದೆ, ಪೈಪಲ್ಲಿ ಒಂದು ತೊಟ್ಟಿಲ್ಲ.

ಇದರಲ್ಲಿ ಒಂದು ಸಣ್ಣ ಲೆಕ್ಕ ಇದೆ. ಪಂಪಿನ ವೇಗ ಕಮ್ಮಿಯಾದ್ರೆ ಅದು ನೀರನ್ನು ಎತ್ತೋ ಎತ್ತರ ಇನ್ನೂ ಜಾಸ್ತಿ ಇಳಿಯುತ್ತೆ. 50 ಹರ್ಟ್ಸ್‌ನಲ್ಲಿ 300 ಅಡಿವರೆಗೆ ಎತ್ತಬಲ್ಲ ಪಂಪು 40 ಹರ್ಟ್ಸ್‌ನಲ್ಲಿ ಸುಮಾರು 190 ಅಡಿ ಅಷ್ಟೇ ಎತ್ತುತ್ತೆ. 35ಕ್ಕೆ ಇಳಿದ್ರೆ ಸುಮಾರು 147 ಅಡಿ. ನಿಮ್ಮ ಬೋರಲ್ಲಿ ನೀರು 180 ಅಡಿಯಲ್ಲಿದೆ ಅಂದ್ರೆ 35 ಹರ್ಟ್ಸ್‌ನಲ್ಲಿ ಮೋಟರ್ ತಿರುಗುತ್ತೆ, ನೀರು ಅರ್ಧ ದಾರಿಯಲ್ಲೇ ನಿಲ್ಲುತ್ತೆ. ಬಿಸಿಲು ಏರಿದ ಮೇಲೆ ತಾನಾಗೇ ಬರುತ್ತೆ. ಇದು ದೋಷವಲ್ಲ.

ನೀರು ಶುರುವಾಗೋ ಹರ್ಟ್ಸ್ ಎಷ್ಟು ಅಂತ ಒಂದು ದಿನ ಬೆಳಿಗ್ಗೆ ನಿಂತು ನೋಡಿ ಬರ್ಕೊಳ್ಳಿ. ಮಾರ್ಚ್‌ನಲ್ಲಿ 38ಕ್ಕೆ ಬರ್ತಿದ್ದದ್ದು ಮೇ ತಿಂಗಳಲ್ಲಿ 43ಕ್ಕೆ ಬಂತು ಅಂದ್ರೆ ಬೋರಿನ ನೀರು ಕೆಳಗೆ ಹೋಗ್ತಿದೆ ಅಂತ ಅರ್ಥ. ಬೋರ್ ಅಳೆಯೋಕೆ ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ಮಧ್ಯಾಹ್ನ 50 ಹರ್ಟ್ಸ್ ಇದ್ದೂ ನೀರು ತೀರಾ ಕಮ್ಮಿ ಬಂದ್ರೆ ಬೇರೆ ಮಾತು. ಇತ್ತೀಚೆಗೆ ಮೋಟರ್ ಎತ್ತಿ ವೈಂಡಿಂಗ್ ಮಾಡಿಸಿದ್ರಾ? ಹಾಗಿದ್ರೆ ಮೋಟರ್ ಉಲ್ಟಾ ತಿರುಗ್ತಿರೋ ಸಾಧ್ಯತೆ ಹೆಚ್ಚು. ಮೂರು ವೈರಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದ್ರೆ ಸರಿಹೋಗುತ್ತೆ. ವೈಂಡಿಂಗ್ ಮಾಡಿದವರನ್ನೇ ಕರೆದು ಮಾಡಿಸಿ.

ತೊಂದರೆ 3: ಲೋ ವೋಲ್ಟೇಜ್ ಅಥವಾ ಬಿಸಿಲು ಕಮ್ಮಿ ಅಂತ ತೋರಿಸ್ತಿದೆ

ಇದರ ಕೋಡ್ ಒಂದೊಂದು ಕಂಪನಿಗೆ ಒಂದೊಂದು ಥರ. ಡ್ರೈವ್ ಜೊತೆ ಬಂದ ಪುಸ್ತಕದ ಕೋಡ್ ಪುಟವನ್ನು ಇವತ್ತೇ ಫೋಟೋ ತೆಗೆದು ಮೊಬೈಲ್‌ನಲ್ಲಿ ಇಟ್ಕೊಳ್ಳಿ. ಪುಸ್ತಕ ಕಳೆದಿದ್ರೆ ಅದನ್ನು ಹಾಕಿದ ಕಂಪನಿಯವರಿಂದ ತರಿಸ್ಕೊಳ್ಳಿ.

ಈ ತೊಂದರೆಗೆ ಒಂದು ಸರಳ ಪರೀಕ್ಷೆ ಇದೆ. ಮಧ್ಯಾಹ್ನ 12 ಗಂಟೆಗೆ ಪಂಪ್ ಸ್ಟಾಪ್ ಮಾಡಿ, ಡಿಸಿ ಸ್ವಿಚ್ ಆನ್ ಇರ್ಲಿ. ಸ್ಕ್ರೀನ್ ಮೇಲಿನ ಡಿಸಿ ವೋಲ್ಟ್ ಓದಿ.

- ಮೇಲೆ ಹೇಳಿದ 15 ಪ್ಯಾನೆಲ್ ಸಾಲಿಗೆ 690 ಆಸುಪಾಸು ಬರಬೇಕು. ಬೇಸಿಗೆಯಲ್ಲಿ ಪ್ಯಾನೆಲ್ ಕಾದು 60 ಡಿಗ್ರಿ ದಾಟಿದಾಗ ನೂರಕ್ಕೆ ಹತ್ತರಷ್ಟು ಕಮ್ಮಿಯಾಗಬಹುದು. 620 ಕಂಡ್ರೆ ಗಾಬರಿ ಬೇಡ.
- ನಿನ್ನೆ ಇದೇ ಹೊತ್ತಿಗಿಂತ ಒಮ್ಮೆಲೇ 40 ವೋಲ್ಟ್ ಇಳಿದಿದ್ರೆ ಒಂದು ಪ್ಯಾನೆಲ್ ಕೈ ಕೊಟ್ಟಿದೆ. 14, 15 ವೋಲ್ಟ್ ಇಳಿದಿದ್ರೆ ಒಂದು ಪ್ಯಾನೆಲ್ಲಿನ ಮೂರನೇ ಒಂದು ಭಾಗ ಹೋಗಿದೆ. ಪ್ಯಾನೆಲ್ ಹಿಂದಿನ ಡಬ್ಬಿಯಲ್ಲಿರೋ ಡಯೋಡ್ ಸುಟ್ಟಾಗ ಹೀಗಾಗುತ್ತೆ.
- ಪಂಪ್ ನಿಂತಾಗ ವೋಲ್ಟ್ ಸರಿ ಇದ್ದು, ಸ್ಟಾರ್ಟ್ ಮಾಡಿದ ಕೂಡ್ಲೇ ಕುಸಿದ್ರೆ ಧೂಳು, ನೆರಳು ಅಥವಾ ಸಡಿಲ ಕನೆಕ್ಟರ್ ಕಾರಣ.

ನೆರಳನ್ನು ತುಂಬಾ ಜನ ಹಗುರವಾಗಿ ತಗೋತಾರೆ. ಡ್ರಿಪ್ ಪೈಪು ಒಂದು ಕಡೆ ಮಡಚಿಕೊಂಡ್ರೆ ಮುಂದಿನ ಇಡೀ ಲೈನಿಗೆ ನೀರು ಕಮ್ಮಿಯಾಗುತ್ತಲ್ಲ, ಇದೂ ಹಾಗೇ. ತೆಂಗಿನ ಗರಿಯ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ರೆ ಪೆಟ್ಟು ಇಡೀ ಸಾಲಿಗೆ. ಪ್ಯಾನೆಲ್ ಹಾಕಿದಾಗ ಮೊಣಕಾಲೆತ್ತರ ಇದ್ದ ನುಗ್ಗೆ, ಹೆಬ್ಬೇವು ಎರಡು ವರ್ಷಕ್ಕೆ ಪ್ಯಾನೆಲ್ ಮೀರಿ ಬೆಳೆದಿರುತ್ತೆ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರೋದ್ರಿಂದ ನೆರಳು ಉದ್ದ ಬೀಳುತ್ತೆ, ಅದನ್ನೂ ನೋಡ್ಕೊಳ್ಳಿ.

ಪ್ಯಾನೆಲ್ ತೊಳೆಯೋದು ಬೆಳಗಿನ ಜಾವ ಅಥವಾ ಸಂಜೆ ಮಾತ್ರ. ಕಾದ ಗಾಜಿನ ಮೇಲೆ ತಣ್ಣೀರು ಬಿದ್ರೆ ಗಾಜು ಸೀಳಬಹುದು. ಮೆತ್ತನೆ ಬಟ್ಟೆ ಸಾಕು, ಸೋಪಿನ ಪುಡಿ, ತಂತಿ ಬ್ರಷ್ ಬೇಡ. ಪಾವಗಡ ಕಡೆಯ ಥರ ಗಡಸು ನೀರಾಗಿದ್ರೆ ತೊಳೆದ ಮೇಲೆ ಒಣಬಟ್ಟೆಯಲ್ಲಿ ಒರೆಸಿ. ಇಲ್ಲದಿದ್ರೆ ಬಿಳಿ ಉಪ್ಪಿನ ಪದರ ಕೂತು ಧೂಳಿಗಿಂತ ಕೆಟ್ಟದಾಗುತ್ತೆ. ಪ್ಯಾನೆಲ್ ಮೇಲೆ ಹತ್ತಿ ನಿಲ್ಲೋದಂತೂ ಬೇಡವೇ ಬೇಡ.

ತೊಂದರೆ 4: ಡ್ರೈ ರನ್

ಬೋರಿನೊಳಗಿನ ಮೋಟರ್ ತಣ್ಣಗಿರೋದು ಅದರ ಸುತ್ತ ಹರಿಯೋ ನೀರಿನಿಂದ. ನೀರಿಲ್ಲದೆ ಓಡಿದ್ರೆ ಸುಡುತ್ತೆ. ನೀರು ಎತ್ತೋ ಭಾರ ಇಲ್ಲದಾಗ ಮೋಟರ್ ಎಳೆಯೋ ಆಂಪ್ಸ್ ಇಳಿಯುತ್ತೆ, ಅದನ್ನು ನೋಡಿ ಡ್ರೈವ್ ನಿಲ್ಲಿಸುತ್ತೆ. ನೆನಪಿಡೋಕೆ ಸುಲಭ: ಹರ್ಟ್ಸ್ ಜಾಸ್ತಿ ಇದ್ದು ಆಂಪ್ಸ್ ತೀರಾ ಕಮ್ಮಿ ಇದ್ರೆ ಪಂಪಿನಲ್ಲಿ ನೀರಿಲ್ಲ. ಎರಡೂ ಕಮ್ಮಿ ಇದ್ರೆ ಮೋಡ, ಅಷ್ಟೇ.

ಈಗ ನೀವು ತಿಳ್ಕೋಬೇಕಾದ್ದು, ಬೋರಲ್ಲಿ ನೀರಿಲ್ವಾ ಅಥವಾ ಪಂಪಿನದೇ ತೊಂದರೆಯಾ ಅಂತ. ಒಂದೆರಡು ಗಂಟೆ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಸ್ವಲ್ಪ ಹೊತ್ತು ರಭಸವಾಗಿ ನೀರು ಬಂದು ಆಮೇಲೆ ನಿಂತ್ರೆ ಬೋರಲ್ಲಿ ನೀರು ಕಮ್ಮಿ. ಎಷ್ಟು ಹೊತ್ತು ಬಿಟ್ರೂ ಒಂದು ತೊಟ್ಟು ಬರದಿದ್ರೆ ಕಪ್ಲಿಂಗ್ ಮುರಿದಿರಬಹುದು, ಇಲ್ಲವೇ ಒಳಗಿನ ಪೈಪ್ ಕಳಚಿರಬಹುದು.

ಬೋರಲ್ಲಿ ನೀರು ಕಮ್ಮಿಯಾಗಿದ್ರೆ ಸೆಟ್ಟಿಂಗ್ ಆಫ್ ಮಾಡಬೇಡಿ. ಬದಲಿಗೆ ಸರ್ವೀಸ್‌ನವರಿಗೆ ಹೇಳಿ ಹೆಚ್ಚಿನ ವೇಗದ ಮಿತಿಯನ್ನು ಇಳಿಸಿ. 50ರಲ್ಲಿ ಹತ್ತು ನಿಮಿಷ ಓಡಿ ಅರ್ಧ ಗಂಟೆ ನಿಲ್ಲೋದಕ್ಕಿಂತ 44ರಲ್ಲಿ ಒಂದೇ ಸಮ ಓಡೋದು ಒಳ್ಳೇದು. ಬೋರಿಗೆ ಊಟೆ ಬರೋ ವೇಗಕ್ಕೆ ಪಂಪಿನ ವೇಗ ಹೊಂದಿಸಿದ ಹಾಗಾಗುತ್ತೆ. ಸಣ್ಣಗೆ ಬರೋ ನೀರನ್ನು ತೊಟ್ಟಿಗೋ ಕೃಷಿ ಹೊಂಡಕ್ಕೋ ತುಂಬಿಸಿ, ಅಲ್ಲಿಂದ ಡ್ರಿಪ್ಪಿಗೆ ಬಿಡಿ. ಇದು ಸೋಲಾರ್ ಡ್ರೈವಿನ ದೊಡ್ಡ ಲಾಭ. ಮಾಮೂಲಿ ಸ್ಟಾರ್ಟರಲ್ಲಿ ಹೀಗೆ ವೇಗ ಇಳಿಸೋಕೆ ಬರಲ್ಲ.

ತೊಂದರೆ 5: ಓವರ್ ಕರೆಂಟ್ ಅಥವಾ ಓವರ್ ಲೋಡ್

ಇದು ಡ್ರೈ ರನ್ನಿಗೆ ತದ್ವಿರುದ್ಧ. ಪಂಪಿನೊಳಗೆ ಮರಳು, ಕೆಸರು ಸಿಕ್ಕಿ ಬಿಗಿಯಾಗಿರಬಹುದು, ಮೋಟರ್ ವೈಂಡಿಂಗ್ ಹೋಗಿರಬಹುದು, ಬೋರೊಳಗಿನ ಕೇಬಲ್ ಜಾಯಿಂಟಿಗೆ ನೀರು ಇಳಿದಿರಬಹುದು.

ಸ್ಟಾರ್ಟ್ ಒತ್ತಿದ ಕ್ಷಣವೇ ಟ್ರಿಪ್ ಆದ್ರೆ ವೈಂಡಿಂಗ್ ಅಥವಾ ಕೇಬಲ್ ಮೇಲೆ ಸಂಶಯ. ಸ್ವಲ್ಪ ಓಡಿ, ಏದುಸಿರು ಬಿಟ್ಟ ಹಾಗೆ ಸದ್ದು ಮಾಡಿ ಆಮೇಲೆ ಟ್ರಿಪ್ ಆದ್ರೆ ಪಂಪ್ ಬಿಗಿಯಾಗಿದೆ. ಎರಡು ಸಲಕ್ಕಿಂತ ಹೆಚ್ಚು ರೀಸೆಟ್ ಒತ್ತಬೇಡಿ. ಪ್ರತಿ ಸಲ ಒತ್ತಿದಾಗಲೂ ಪೆಟ್ಟು ಡ್ರೈವಿಗೆ ಬೀಳುತ್ತೆ.

ಮೋಟರ್ ಪರೀಕ್ಷೆಗೆ ಎಲೆಕ್ಟ್ರಿಷಿಯನ್ ಮೆಗ್ಗರ್ ತಂದ್ರೆ, ಮೋಟರಿನ ಮೂರು ವೈರನ್ನು ಡ್ರೈವಿನಿಂದ ಬಿಚ್ಚಿದ ಮೇಲೇ ಅಳೆಯಬೇಕು. ಜೋಡಿಸಿಟ್ಟೇ ಮೆಗ್ಗರ್ ಹಾಕಿದ್ರೆ ಚೆನ್ನಾಗಿದ್ದ ಡ್ರೈವ್ ಅಲ್ಲೇ ಹೋಗಬಹುದು. ಪಕ್ಕದಲ್ಲಿ ನಿಂತು ಇದೊಂದನ್ನು ನೆನಪಿಸಿ.

ತೊಂದರೆ 6: ಮಧ್ಯಾಹ್ನ ಮಾತ್ರ ನಿಲ್ಲುತ್ತೆ, ಸಂಜೆ ಸರಿ

ಓವರ್ ಟೆಂಪರೇಚರ್ ಅಂತ ತೋರಿಸಿದ್ರೆ ಡ್ರೈವ್ ಕಾದಿದೆ. ಬಯಲಲ್ಲಿ ಪಶ್ಚಿಮದ ಬಿಸಿಲಿಗೆ ಎದೆ ಕೊಟ್ಟು ನಿಂತಿರೋ ಡಬ್ಬಿ, ಗಾಳಿಯಾಡದ ಶೀಟ್ ಶೆಡ್ಡಿನೊಳಗಿನ ಡಬ್ಬಿ, ಎರಡಕ್ಕೂ ಇದೇ ಪಾಡು. ಪ್ಯಾನೆಲ್ ನೆರಳಿನಲ್ಲೇ ಡಬ್ಬಿ ಕೂರಿಸಿದ್ರೆ ಒಳ್ಳೇದು. ಆಗದಿದ್ರೆ ಮೇಲೆ ತೆಂಗಿನ ಗರಿಯ ಚಪ್ಪರ ಹಾಕಿ, ಆದ್ರೆ ಡಬ್ಬಿಗೆ ತಾಗದ ಹಾಗೆ. ಮೇಲೆ ಕೆಳಗೆ ಒಂದು ಗೇಣಾದ್ರೂ ಜಾಗ ಬಿಡಿ. ಫ್ಯಾನ್ ಇರೋ ಡ್ರೈವಾದ್ರೆ ಜಾಲರಿಯಲ್ಲಿ ಧೂಳು, ಜೇಡರ ಬಲೆ ಕಟ್ಟಿರುತ್ತೆ. ಆಫ್ ಮಾಡಿ ಒಣ ಬ್ರಷ್ಷಿನಿಂದ ಹೊರಗಿನದ್ದನ್ನು ಮಾತ್ರ ತೆಗೀರಿ.

ಕೇಬಲ್ ಒಳಹೋಗೋ ತೂತನ್ನೂ ನೋಡಿ. ತೆರೆದಿದ್ರೆ ಇರುವೆ, ಹಲ್ಲಿ ಒಳಗೆ ಸೇರುತ್ತೆ. ಸರ್ಕ್ಯೂಟ್ ಮೇಲೆ ಹಲ್ಲಿ ಸಿಕ್ಕಿ ನಿಜವಾಗಿಯೂ ಸುಟ್ಟುಹೋದ ಡ್ರೈವ್‌ಗಳನ್ನು ನಾನು ನೋಡಿದ್ದೀನಿ.

ತೊಂದರೆ 7: ಮಳೆ ಬಂದ ಮಾರನೇ ದಿನ ಅರ್ಥ್ ಫಾಲ್ಟ್

ಬೆಳಿಗ್ಗೆ ಮಂಜು ಇರುವಾಗ ಅರ್ಥ್ ಫಾಲ್ಟ್ ತೋರಿಸಿ, ಬಿಸಿಲೇರಿದ ಮೇಲೆ ತಾನಾಗೇ ಸರಿಹೋದ್ರೆ ಎಲ್ಲೋ ವೈರಿನ ಸಿಪ್ಪೆ ಕಿತ್ತಿದೆ, ತೇವ ಸೇರ್ತಿದೆ ಅಂತ ಅರ್ಥ. ಕೇಬಲ್ ನೆಲಕ್ಕೆ ಬಿದ್ದಿರೋ ಕಡೆ, ಕಬ್ಬಿಣದ ಚೂಪಿಗೆ ಉಜ್ಜೋ ಕಡೆ, ಕನೆಕ್ಟರ್ ನೀರಲ್ಲಿ ಮುಳುಗೋ ಕಡೆ ನೋಡಿ. ಮುಟ್ಟಬೇಡಿ. ಪ್ಯಾನೆಲ್ ಸ್ಟ್ಯಾಂಡಿಗೂ ಕರೆಂಟ್ ಬಂದಿರಬಹುದು. ದನ, ಕುರಿಯನ್ನು ಆ ಸ್ಟ್ಯಾಂಡಿಗೆ ಕಟ್ಟೋ ಅಭ್ಯಾಸ ಇದ್ರೆ ಇವತ್ತೇ ಬಿಡಿ. ಮಧ್ಯಾಹ್ನ ಸರಿಹೋಯ್ತಲ್ಲ ಅಂತ ಸುಮ್ಮನಾಗಬೇಡಿ, ಅವತ್ತೇ ದೂರು ಕೊಡಿ.

ಸಿಡಿಲಿನ ವಿಷಯಕ್ಕೆ ಬಂದ್ರೆ, ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕ್ತಾ ಇರಿ. ಒಣಗಿದ ಮಣ್ಣಲ್ಲಿ ಅರ್ಥಿಂಗ್ ಸರಿಯಾಗಿ ಕೆಲಸ ಮಾಡಲ್ಲ. ಮುಂಗಾರು ಪೂರ್ವದ ಗುಡುಗು ಮಳೆ ಬರೋ ಸೂಚನೆ ಕಂಡಾಗಲೇ ಪಂಪ್ ನಿಲ್ಲಿಸಿ ಡಿಸಿ ಸ್ವಿಚ್ ಆಫ್ ಮಾಡಿ ಬನ್ನಿ. ಗುಡುಗು ಶುರುವಾದ ಮೇಲೆ ಪ್ಯಾನೆಲ್ ಹತ್ತಿರ ಹೋಗಲೇಬೇಡಿ. ಡ್ರೈವ್ ಹೋದ್ರೆ ಇನ್ನೊಂದು ತರಬಹುದು.

ಕೆಇಬಿ ಕರೆಂಟೂ ಇದೆ, ಸೋಲಾರೂ ಇದೆ ಅನ್ನೋರಿಗೆ

ನಿಜವಾಗಿಯೂ ಡ್ರೈವ್ ಸುಟ್ಟಿರೋ ಕಡೆ ನಾನು ಮೊದಲು ಹುಡುಕೋದು ಇದನ್ನೇ. ಹಗಲು ಸೋಲಾರ್, ರಾತ್ರಿ ಕೆಇಬಿ ಅಂತ ಒಂದೇ ಮೋಟರಿಗೆ ಎರಡನ್ನೂ ಜೋಡಿಸಿರ್ತಾರೆ. ಕೆಇಬಿ ಕರೆಂಟ್ ಡ್ರೈವಿನ ಮೋಟರ್ ಕಡೆಯ ಟರ್ಮಿನಲ್ಲಿಗೆ ಒಂದು ಕ್ಷಣ ಹಿಂದಕ್ಕೆ ಹೊಕ್ಕರೂ ಸಾಕು, ಡ್ರೈವ್ ಮುಗೀತು. ನಡುವೆ ಸರಿಯಾದ ಚೇಂಜ್ ಓವರ್ ಸ್ವಿಚ್ ಇರಲೇಬೇಕು. ಎರಡೂ ಏಕಕಾಲಕ್ಕೆ ಸೇರೋಕೆ ಸಾಧ್ಯವೇ ಇರಬಾರದು. ಆ ಸ್ವಿಚ್ ತಿರುಗಿಸೋದು ಕೂಡ ಪಂಪ್ ಸ್ಟಾಪ್ ಮಾಡಿ, ಹರ್ಟ್ಸ್ ಸೊನ್ನೆಯಾದ ಮೇಲೆ. ಡ್ರೈವ್ ಮತ್ತು ಮೋಟರ್ ನಡುವೆ ಹಳೇ ಸ್ಟಾರ್ಟರ್, ಕೆಪಾಸಿಟರ್ ಏನೂ ಇರಬಾರದು.

ನಿಮ್ಮ ಮೊಬೈಲ್‌ನಲ್ಲಿರೋ ಗ್ರಾಫ್ ಓದೋದು ಹೇಗೆ?

ಪಿಎಂ ಕುಸುಮ್ ಯೋಜನೆಯ ಪಂಪುಗಳಿಗೆ ದೂರದಿಂದಲೇ ನೋಡೋ ವ್ಯವಸ್ಥೆ ಇರುತ್ತೆ. ಡ್ರೈವ್ ಒಳಗಿನ ಸಿಮ್ ಮೂಲಕ ಮಾಹಿತಿ ಹೋಗುತ್ತೆ. ನಿಮಗೆ ಆ್ಯಪ್ ಮತ್ತು ಪಾಸ್‌ವರ್ಡ್ ಕೊಟ್ಟಿಲ್ಲ ಅಂದ್ರೆ ಕೇಳಿ ತಗೊಳ್ಳಿ. ಅದರಲ್ಲಿ ದಿನದ ಗ್ರಾಫ್ ಸಿಕ್ಕಿದ್ರೆ ಹೀಗೆ ಓದಿ:

- ಗುಡ್ಡದ ಆಕಾರ: ಬೆಳಿಗ್ಗೆ ಏರಿ, ಮಧ್ಯಾಹ್ನ ತುದಿ ಮುಟ್ಟಿ, ಸಂಜೆ ಇಳಿದಿದೆ. ಎಲ್ಲಾ ಸರಿ.
- ದಿನಾ ಅದೇ ಹೊತ್ತಿಗೆ ಒಂದು ಕಚ್ಚು: ಮರದ್ದೋ ಕಂಬದ್ದೋ ನೆರಳು. ಆ ಹೊತ್ತಿಗೆ ಹೋಗಿ ನಿಂತು ನೋಡಿ.
- ಗರಗಸದ ಹಲ್ಲು, ಆದ್ರೆ ಒಂದು ದಿನದಂತೆ ಇನ್ನೊಂದು ದಿನ ಇಲ್ಲ: ಮೋಡ.
- ಶುಭ್ರ ಬಿಸಿಲಿನ ದಿನವೂ ಹಲ್ಲು ಹಲ್ಲು: ಸಡಿಲ ಕನೆಕ್ಟರ್ ಇರಬಹುದು.
- ಸ್ವಲ್ಪ ಓಟ, ಅಷ್ಟೇ ಅಂತರದ ಬಿಡುವು, ಮತ್ತೆ ಓಟ: ಡ್ರೈ ರನ್. ಡ್ರೈವ್ ಕಾದು ಕಾದು ಮತ್ತೆ ಪ್ರಯತ್ನಿಸ್ತಿದೆ.
- ಗುಡ್ಡದ ತುದಿ ಮಧ್ಯಾಹ್ನ ಮುರಿದಿದೆ, ಸಂಜೆ ಸರಿ: ಡ್ರೈವ್ ಕಾಯ್ತಿದೆ.
- ಆಕಾರ ಸರಿ, ಎತ್ತರ ವಾರದಿಂದ ವಾರಕ್ಕೆ ಕಮ್ಮಿ: ಧೂಳು. ತೊಳೀರಿ.

ಫೋನ್ ಮಾಡೋವಾಗ ಏನು ಹೇಳಬೇಕು?

"ಓಡ್ತಿಲ್ಲ ಸಾರ್" ಅಂದ್ರೆ ಯಾವ ಮೆಕ್ಯಾನಿಕ್‌ಗೂ ಏನೂ ಗೊತ್ತಾಗಲ್ಲ. ಬರಿಗೈಲಿ ಬಂದು, ನೋಡಿ, ಸಾಮಾನು ತರೋಕೆ ವಾಪಸ್ ಹೋಗ್ತಾನೆ. ನಿಮ್ಮ ಎರಡು ದಿನ ಹೋಯ್ತು. ಅದರ ಬದಲು ವಾಟ್ಸಾಪ್‌ನಲ್ಲಿ ಇಷ್ಟು ಕಳಿಸಿ:

1. ಸ್ಕ್ರೀನ್ ಮೇಲಿನ ಕೋಡಿನ ಫೋಟೋ, ಅದು ಬಂದ ಸಮಯ.
2. ಡಿಸಿ ವೋಲ್ಟ್, ಹರ್ಟ್ಸ್, ಆಂಪ್ಸ್ ಮೂರೂ ಕಾಣೋ ಫೋಟೋ.
3. ಡ್ರೈವ್ ಮತ್ತು ಮೋಟರಿನ ಹೆಸರು, ಸಂಖ್ಯೆ ಇರೋ ಪ್ಲೇಟಿನ ಫೋಟೋ.
4. ಎಲ್ಲಾ ಪ್ಯಾನೆಲ್ ಒಟ್ಟಿಗೆ ಕಾಣೋ ಫೋಟೋ.
5. ಪೈಪಿನಿಂದ ನೀರು ಬರೋ 20 ಸೆಕೆಂಡಿನ ವಿಡಿಯೋ.

ಈ ಐದು ಬಂದ್ರೆ ನಾನು ಹೊರಡೋ ಮೊದಲೇ ಏನು ತಗೊಂಡು ಹೋಗಬೇಕು ಅಂತ ಗೊತ್ತಾಗುತ್ತೆ. ಕೆಲವು ಸಲ ಹೋಗೋ ಅಗತ್ಯವೇ ಬರಲ್ಲ.

ಇನ್ನೊಂದು ಮಾತು. ಕುಸುಮ್ ಯೋಜನೆಯಲ್ಲಿ ಹಾಕಿಸಿದ ಪಂಪಿಗೆ 5 ವರ್ಷದ ನಿರ್ವಹಣೆ ಅದನ್ನು ಹಾಕಿದ ಕಂಪನಿಯ ಜವಾಬ್ದಾರಿ. ಹೊರಗಿನವರಿಂದ ಡಬ್ಬಿ ಬಿಚ್ಚಿಸಿ, ಫ್ಯಾಕ್ಟರಿ ರೀಸೆಟ್ ಮಾಡಿಸಿದ್ರೆ ಆ ಹಕ್ಕು ನಿಮ್ಮ ಕೈ ತಪ್ಪಬಹುದು. ರೀಸೆಟ್ ಮಾಡಿದಾಗ ನಿಮ್ಮ ಮೋಟರಿಗೆ ಹೊಂದಿಸಿದ್ದ ಸೆಟ್ಟಿಂಗ್‌ಗಳೂ ಅಳಿಸಿ ಹೋಗುತ್ತೆ. ದೂರನ್ನು ಬಾಯಿ ಮಾತಲ್ಲಿ ಬಿಡಬೇಡಿ, ದೂರು ಸಂಖ್ಯೆ ತಗೊಳ್ಳಿ, ತಾರೀಖಿನ ಜೊತೆ ಬರೆದಿಡಿ.

ಈ ವಾರ ಮಾಡಬೇಕಾದ ಒಂದು ಕೆಲಸ

ಪಂಪ್ ಚೆನ್ನಾಗಿ ಓಡ್ತಿರುವಾಗಲೇ ಅದರ ಆರೋಗ್ಯದ ಲೆಕ್ಕ ಬರೆದಿಟ್ಕೊಳ್ಳಿ. ಮೋಡವಿಲ್ಲದ ಒಂದು ದಿನ ಬೆಳಿಗ್ಗೆ 8ಕ್ಕೆ, ಮಧ್ಯಾಹ್ನ 12ಕ್ಕೆ, ಸಂಜೆ 4ಕ್ಕೆ ಡಿಸಿ ವೋಲ್ಟ್, ಹರ್ಟ್ಸ್, ಆಂಪ್ಸ್ ಫೋಟೋ ತೆಗೀರಿ. 12 ಗಂಟೆಗೆ 200 ಲೀಟರಿನ ಡ್ರಮ್ ಇಟ್ಟು ತುಂಬೋಕೆ ಎಷ್ಟು ಸೆಕೆಂಡ್ ಆಯ್ತು ಅಂತ ನೋಡಿ. 100 ಸೆಕೆಂಡ್ ಆದ್ರೆ ನಿಮಿಷಕ್ಕೆ 120 ಲೀಟರ್ ಬರ್ತಿದೆ ಅಂತ ಲೆಕ್ಕ. ತಿಂಗಳಿಗೊಮ್ಮೆ ಇದನ್ನೇ ಮಾಡಿ.

ಮುಂದೆ ಪಂಪ್ ಮಂಕಾದಾಗ ಹೋಲಿಸಿ ನೋಡೋಕೆ ಈ ಅಂಕಿಗಳು ಬೇಕು. ವೋಲ್ಟ್ ಇಳಿದಿದ್ರೆ ಪ್ಯಾನೆಲ್ ಕಡೆ ನೋಡಿ. ವೋಲ್ಟ್, ಹರ್ಟ್ಸ್ ಸರಿಯಿದ್ದು ಆಂಪ್ಸ್ ಬದಲಾಗಿದ್ರೆ ಮೋಟರ್ ಮತ್ತು ಬೋರ್ ಕಡೆ ನೋಡಿ. ಮೂರೂ ಸರಿಯಿದ್ದು ಡ್ರಮ್ ತುಂಬೋದು ನಿಧಾನ ಆಗಿದ್ರೆ ಪೈಪ್ ಸೋರಿಕೆ ಅಥವಾ ಪಂಪಿನ ಸವೆತ ನೋಡಿ. ಇಷ್ಟೆಲ್ಲಾ ಸರಿಯಿದ್ದೂ ಓಡ್ತಿಲ್ಲ ಅಂದ್ರೆ ಮಾತ್ರ ಡ್ರೈವ್ ಬಗ್ಗೆ ಯೋಚನೆ ಮಾಡಿ.

ಡ್ರೈವ್ ಸುಮ್ಮನೆ ನಿಲ್ಲಲ್ಲ ಗೆಳೆಯರೇ. ಅದರ ಬಾಯಿ ಮುಚ್ಚಿಸೋ ಮೊದಲು ಅದು ಹೇಳ್ತಿರೋದನ್ನು ಒಂದು ಸಲ ಓದಿ. ಬೇಸಿಗೆಯಲ್ಲಿ ಒಂದು ವಾರದ ನೀರು ಅಂದ್ರೆ ಒಂದು ವರ್ಷದ ಬೆಳೆ ಅನ್ನೋದು ನಿಮಗೆ ನಾನು ಹೇಳಬೇಕಾಗಿಲ್ಲ.